ತುಂಬಾ ಸುಲಭ

ಬಿ.ಸಿ.ರೋಡಿನ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತಿದ್ದ ಪ್ರೇಮಾವತಿಯ ಪಕ್ಕದಲ್ಲಿ ಗಂಡ ಹೆಂಡತಿ ಕುಳಿತಿದ್ದರು. ಸೌದಿಯ ದಮಾಮಿನಿಂದ ರಜೆಯಲ್ಲಿ ಬಂದಿದ್ದ ಅಬ್ದುಲ್ ಶುಕೂರ್, ಅಲ್ಲಿನ ಆಸ್ಪತ್ರೆಯಿಂದ ಮೊಬೈಲಿಗೆ ಬಂದಿದ್ದ ಅರಬ್ಬಿ ಸಂದೇಶವನ್ನು ಮದ್ರಸದ ರಾಗದಲ್ಲಿ ಓದಿ ಮುಗಿಸಿದರು.

"ಓದಿದ್ದು ಚಂದ ಉಂಟು," ಎಂದರು ಹೆಂಡತಿ ರುಕಿಯಾ. "ಎರಡು ಮಾತ್ರೆಯಲ್ಲಿ ಒಂದು ನಿಲ್ಲಿಸ್ಲಿಕ್ಕೆ ಉಂಟು ಅಂದಿದ್ರಲ್ಲ, ಯಾವುದು ಅಂತ ಬರ್ದಿದ್ದಾರೆ?"

"ಅಲ್ಲಿ ಅಂಗಡಿಯಲ್ಲಿ ಆಡುವ ಅರಬ್ಬಿಯಾದ್ರೆ ಗೊತ್ತಾಗ್ತದೆ. ಇದು ಗೊತ್ತಾಗುದಿಲ್ಲ. ಎರಡನ್ನೂ ತಿಂತಿದ್ದೇನೆ."

"ಅದಕ್ಕೇ ನಿನ್ನೆ ತಲೆ ತಿರುಗಿ ಬಿದ್ದದ್ದು. ಅಲ್ಲಿಯ ಆಸ್ಪತ್ರೆಯವ್ರು ನಿಮಗೆ ಅರಬ್ಬಿಯಲ್ಲಿ ಯಾಕೆ ಕಳಿಸುದು?"

"ಒಂದು ಸರ್ವೆ ಮಾಡಿದ್ರು. ಆರೋಗ್ಯದ ವಿಷಯ ಮೊಬೈಲಲ್ಲಿ ಅರಬ್ಬಿಯಲ್ಲಿ ಓದುದು ಎಷ್ಟು ಸುಲಭ ಅಂತ ಕೇಳಿದ್ರು. ತುಂಬಾ ಸುಲಭ ಅಂತ ಒತ್ತಿದೆ."

"ಸುಳ್ಳು ಯಾಕೆ ಮಾರಾಯ್ರೇ?"

"ಸುಳ್ಳಲ್ಲ. ದಿನಾ ಕುರ್‌ಆನ್ ಓದುವವ ಅರಬ್ಬಿ ಕಷ್ಟ ಅಂತ ಒತ್ತುದು ಹೇಗೆ?"

"ಹಾಗಾದ್ರೆ ಅವ್ರ ಲೆಕ್ಕದಲ್ಲಿ ನೀವು ಫಸ್ಟ್ ಕ್ಲಾಸ್."

ನರ್ಸ್ ಹೆಸರು ಕರೆದಳು. ಶುಕೂರ್ ಎದ್ದು ಮೊಬೈಲನ್ನು ಹೆಂಡತಿಯತ್ತ ಚಾಚಿದರು.

"ಡಾಕ್ಟ್ರಿಗೆ ನೀನೇ ಹೇಳು."

"ನಾನಲ್ಲ. ಒತ್ತಿದವ್ರು ನೀವು."

ಬಾಗಿಲು ಮುಚ್ಚುವ ಮೊದಲು ಪ್ರೇಮಾವತಿಗೆ ಶುಕೂರರ ಸಣ್ಣ ದನಿ ಕೇಳಿಸಿತು.

"ಡಾಕ್ಟ್ರೇ, ನನಗೆ ಅರಬ್ಬಿ ಓದ್ಲಿಕ್ಕೆ ಬರ್ತದೆ. ಅರ್ಥ ಆಗುದಿಲ್ಲ."