ನಾದಸ್ವರ ಎರವಲು ಕೊಟ್ಟವಳು ನಾನೇ

ಶ್ಯಾಮಲಮ್ಮ ಕೋಂ ಲೇಟ್ ಗಂಗುಲಪ್ಪ, ವಯಸ್ಸು 57 ವರ್ಷ, ಕಸುಬು ನಾದಸ್ವರ ನುಡಿಸುವುದು ಮತ್ತು ಕಲಿಸುವುದು, ವಾಸ ಮುಳಬಾಗಿಲು ಟೌನ್, ಮಠದ ಹಿಂಭಾಗದ ಎರಡನೇ ಅಡ್ಡರಸ್ತೆ. ದಿನಾಂಕ 14-05-2025 ಬುಧವಾರ ಮಧ್ಯಾಹ್ನ 3.15 ಗಂಟೆಗೆ ಶ್ರೀನಿವಾಸಪುರದ ಈ ಠಾಣೆಯಲ್ಲಿ ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ನಾನು ಹೇಳಿ ಬರೆಸುವುದೇನೆಂದರೆ:

ನಾನು 41 ವರ್ಷಗಳಿಂದ ಮದುವೆ, ಗೃಹಪ್ರವೇಶ ಮತ್ತು ದೇವಸ್ಥಾನಗಳಲ್ಲಿ ನಾದಸ್ವರ ನುಡಿಸುತ್ತಿದ್ದೇನೆ. ನನಗೆ ಕಲಿಸಿದವರು ನಮ್ಮ ತಂದೆ ಮುನಿಯಲ್ಲಪ್ಪನವರು. ಅವರನ್ನು ನಾವು ಮನೆಯಲ್ಲಿ ನಾಯ್ನ ಎಂದು ಕರೆಯುತ್ತಿದ್ದೆವು. ನನ್ನ ತಮ್ಮ ವೇಣುಗೋಪಾಲ್, ವಯಸ್ಸು 51, ಕೋಲಾರದಲ್ಲಿ ವಾಸ, ಡೋಲು ಕಲಿತಿದ್ದಾನೆ. 2009ರಲ್ಲಿ ನಮ್ಮ ತಂದೆ ತೀರಿಕೊಳ್ಳುವ ನಾಲ್ಕು ದಿನ ಮೊದಲು ತಮ್ಮ ನಾದಸ್ವರವನ್ನು ನನ್ನ ಕೈಗೆ ಕೊಟ್ಟರು. ಈಗ ಠಾಣೆಯಲ್ಲಿ ಇರುವುದು ಅದೇ. ಎರಡೂವರೆ ಅಡಿ ಉದ್ದ, ಕಪ್ಪು ಮರ, ಕೊರಳಿನ ಹತ್ತಿರ ಬೆಳ್ಳಿ ಪಟ್ಟಿ, ಪಟ್ಟಿಯ ಮೇಲೆ 'ಮು' ಎಂಬ ಅಕ್ಷರ. ಕೆಳಗಿನ ಎರಡು ರಂಧ್ರಗಳಿಗೆ ಶ್ರುತಿಗಾಗಿ ಮೇಣ ಹಚ್ಚಿದೆ. ಆ ಮೇಣ ನಾನು ಹಚ್ಚಿದ್ದು.

ದಿನಾಂಕ 08-05-2025ರಂದು ನನ್ನ ಮುಂದಿನ ಎರಡು ಹಲ್ಲು ತೆಗೆಸಿದೆನು. ಹತ್ತು ದಿನ ಊದಬಾರದೆಂದು ದಂತವೈದ್ಯರು ತಿಳಿಸಿದರು. ಒಪ್ಪಿಕೊಂಡಿದ್ದ ಎರಡು ಮದುವೆಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟೆನು. ಮದುವೆಯ ತಿಂಗಳಲ್ಲಿ ವಾದ್ಯ ಗೋಡೆಯ ಗೂಟದಲ್ಲೇ ನೇತಾಡುತ್ತಿತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇಳಿಸಿ ಒರೆಸಿ ಮತ್ತೆ ನೇತುಹಾಕುತ್ತಿದ್ದೆನು.

ದಿನಾಂಕ 12-05-2025 ಸೋಮವಾರ ಸಂಜೆ 4.20ಕ್ಕೆ ಕದಿರೇಶ್ ಎಂಬ ಹುಡುಗ ನಮ್ಮ ಮನೆಗೆ ಬಂದನು. ವಯಸ್ಸು 26, ಮಾಲೂರು ತಾಲ್ಲೂಕು ಶಿವಾರಪಟ್ಟಣದವನು. ಹಗಲು ಹೊತ್ತು ಕಲ್ಲಿನ ವಿಗ್ರಹಗಳಿಗೆ ಪಾಲಿಶ್ ಹಾಕುವ ಕೆಲಸ, ಮದುವೆಯ ಕಾಲದಲ್ಲಿ ನಾದಸ್ವರ. ಅವನನ್ನು ಮೂರು ಮದುವೆಗಳಲ್ಲಿ ನೋಡಿದ್ದೆನು, ಮಾತನಾಡಿಸಿರಲಿಲ್ಲ. ಆ ದಿನ ಅವನು ಚಪ್ಪಲಿ ಬಿಟ್ಟು, ತೊಟ್ಟಿಯಲ್ಲಿ ಕೈ ತೊಳೆದು, ಒಳಗೆ ಬಾರದೆ ಬಾಗಿಲಲ್ಲಿ ನಿಂತನು. ಉಗುರುಗಳ ಸಂದಿಯಲ್ಲಿ ಕಲ್ಲಿನ ಬಿಳಿ ಪುಡಿ ಇನ್ನೂ ಇತ್ತು.

ತನ್ನ ನಾದಸ್ವರವನ್ನು ಗೂಡ್ಸ್ ಆಟೋದಲ್ಲಿ ಬಿಸಿಲಿಗೆ ಇಟ್ಟಿದ್ದರಿಂದ ನಾಲ್ಕು ಬೆರಳು ಉದ್ದ ಸೀಳಿದೆ ಎಂದು ತಿಳಿಸಿದನು. ಅವನು ಒಪ್ಪಿಕೊಂಡಿದ್ದ ಮದುವೆ ಶ್ರೀನಿವಾಸಪುರದಲ್ಲಿ, 14ರ ಸಂಜೆ 6 ಗಂಟೆಗೆ ಆರತಕ್ಷತೆ, 15ರ ಬೆಳಿಗ್ಗೆ 9.10ಕ್ಕೆ ಮುಹೂರ್ತ. ಆರು ವರ್ಷದಿಂದ ಇನ್ನೊಬ್ಬರ ಪಕ್ಕ ಕೂತು ಜೊತೆ ನುಡಿಸಿದವನು, ಮುಖ್ಯನಾಗಿ ಕೂರುವುದು ಇದೇ ಮೊದಲು. ಗೂಟದ ಕಡೆ ಅವನ ಕಣ್ಣು ಹೋಯಿತು, ಕೈ ಹೋಗಲಿಲ್ಲ. ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದು ತೋರಿಸಿ ಅವನು ಹೇಳಿದ ಮಾತನ್ನು ಇದ್ದ ಹಾಗೇ ಬರೆದುಕೊಳ್ಳಬೇಕು: "ಸೀವಾಳಿ ನಂದೇ ಇದೆ ಅಮ್ಮ. ನಿಮ್ಮದು ಕೇಳಲ್ಲ."

ಸೀವಾಳಿ ಎಂದರೆ ವಾದ್ಯದ ತುದಿಗೆ ಸಿಕ್ಕಿಸಿ ಬಾಯಲ್ಲಿ ಇಟ್ಟು ಊದುವ ಜೊಂಡಿನ ತುಂಡು. ಅದು ಒಬ್ಬರ ಎಂಜಲು, ಒಬ್ಬರ ಉಸಿರು. ಗಂಡ ಹೆಂಡತಿ ಇಬ್ಬರೂ ನಾದಸ್ವರದವರಾದರೂ ಅದನ್ನು ಹಂಚಿಕೊಳ್ಳುವುದಿಲ್ಲ. ಕೇಳಬಾರದ್ದು ಯಾವುದೆಂದು ತಿಳಿದವನು ಬಾಗಿಲಲ್ಲಿ ನಿಲ್ಲಬೇಕಿಲ್ಲ ಎಂದು ಅವನನ್ನು ಒಳಗೆ ಕರೆದು ಕೂರಿಸಿದೆನು.

ವಾದ್ಯ ಇಳಿಸಿ ಕೊಟ್ಟು ನುಡಿಸಲು ಹೇಳಿದೆನು. ಅವನು ಹದಿನೈದು ನಿಮಿಷ ನುಡಿಸಿದನು. ಹೊಸ ವಾದ್ಯ ಕೈಗೆ ಬಂದರೆ ಕೆಲವರು ಅದರ ಮೇಲೆ ಬಲ ಹಾಕುತ್ತಾರೆ, ಮರ ಹೆದರುತ್ತದೆ. ಇವನು ಮೊದಲ ಐದು ನಿಮಿಷ ಒಂದೇ ಸ್ವರ ಹಿಡಿದು ಮರದ ಮಾತು ಕೇಳಿಸಿಕೊಂಡನು. ಕೊಡಬೇಕೆಂದು ನಾನು ಆಗಲೇ ತೀರ್ಮಾನಿಸಿದೆನು. ನನ್ನ ತೀರ್ಮಾನ ಸರಿಯಾಗಿತ್ತು, ಈಗಲೂ ಸರಿ ಎಂದೇ ಹೇಳುತ್ತೇನೆ.

ವಾದ್ಯವನ್ನು ಬರಿ ನೆಲದ ಮೇಲೆ ಇಡಬಾರದು, ನಾನು ಕೊಡುವ ಪಂಚೆಯ ತುಂಡಿನ ಮೇಲೆಯೇ ಇಡಬೇಕು ಎಂದೆನು. ಶ್ರುತಿ ಕೂಡಲಿಲ್ಲವೆಂದು ಮೇಣ ಕೆರೆಯಬಾರದು. ನಿನ್ನ ಗುರುಗಳೇ ಬಂದು ಒಂದು ಸಲ ಊದಿ ನೋಡುತ್ತೇನೆ ಎಂದರೂ ಕೊಡಬಾರದು, ಕೈ ಮುಗಿದು ಇದು ಎರವಲು ಎಂದು ಹೇಳಬೇಕು. ಶುಕ್ರವಾರ ಮಧ್ಯಾಹ್ನದೊಳಗೆ ನೀನೇ ತಂದು ನನ್ನ ಕೈಗೆ ಕೊಡಬೇಕು. ಏನಾದರೂ ಆದರೆ ಬೇರೆಯವರ ಬಾಯಿಂದ ನನಗೆ ಗೊತ್ತಾಗಬಾರದು, ಮೊದಲು ನೀನು ಹೇಳಬೇಕು. ಅವನು ಎಲ್ಲಕ್ಕೂ ಆಗಲಿ ಎಂದನು. ನನ್ನ ಸೊಸೆ ಮೌನಿಕಾ ಕಾಫಿ ತಂದಳು. ಅವನು ವಾದ್ಯವನ್ನು ಚೀಲಕ್ಕೆ ಹಾಕಿ ಕಟ್ಟಿದ ಮೇಲೆಯೇ ಲೋಟ ಮುಟ್ಟಿದನು. 5.30ಕ್ಕೆ ಹೊರಟನು.

ಈ ವಿಚಾರವನ್ನು ನಾನು ನನ್ನ ತಮ್ಮನಿಗೆ ತಿಳಿಸಲಿಲ್ಲ. ಕಾರಣವನ್ನು ಹೇಳಬೇಕಾಗಿದೆ. 2017ರಲ್ಲಿ ಅವನು ಒಂದು ಮದುವೆಗೆಂದು ಇದೇ ವಾದ್ಯ ಕೇಳಿದ್ದನು. ಅವನ ಕೈಗೆ ಕೊಟ್ಟೆನು. ಅವನು ಅದನ್ನು ಸ್ನೇಹಿತನಿಗೆ ಕೊಟ್ಟನು, ಆ ಸ್ನೇಹಿತ ಇನ್ನೊಬ್ಬನಿಗೆ. ಒಂಬತ್ತು ದಿನದ ಮೇಲೆ ಪರಿಚಯವಿಲ್ಲದ ಆಟೋದವನೊಬ್ಬ ತಂದು ನಮ್ಮ ಜಗುಲಿಯ ಮೇಲೆ ಇಟ್ಟು ಹೋದನು. ಮೇಣ ಕೆರೆದಿತ್ತು, ವಾದ್ಯದಿಂದ ಸಾರಾಯಿ ವಾಸನೆ ಬರುತ್ತಿತ್ತು. ಆಮೇಲೆ ಎರಡು ಸಲ ಅವನು ಕೇಳಿದನು, ಎರಡು ಸಲವೂ ಇಲ್ಲವೆಂದೆನು. ನನ್ನ ತಮ್ಮ ಕೆಟ್ಟವನಲ್ಲ. ನನ್ನ ಗಂಡ ತೀರಿಕೊಂಡಾಗ ಹನ್ನೊಂದು ದಿನ ನನ್ನ ಮನೆಯ ಬಾಗಿಲು ಬಿಟ್ಟು ಕದಲಲಿಲ್ಲ. ವಾದ್ಯದ ವಿಚಾರ ಬೇರೆ.

ಇಂದು ಮಧ್ಯಾಹ್ನ 12.10ಕ್ಕೆ ಕದಿರೇಶ್ ನನಗೆ ಫೋನ್ ಮಾಡಿದನು. "ಅಮ್ಮ, ವಾದ್ಯಕ್ಕೇನೂ ಆಗಿಲ್ಲ. ನಾನು ಶ್ರೀನಿವಾಸಪುರ ಪೊಲೀಸ್ ಸ್ಟೇಷನ್‌ನಲ್ಲಿದೀನಿ," ಎಂದನು. ಮೊದಲು ವಾದ್ಯದ ಸುದ್ದಿ, ಆಮೇಲೆ ತನ್ನದು. ನಾನು ಒಲೆ ಆರಿಸಿ, ನನ್ನ ಸೀವಾಳಿ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು 12.35ರ ಬಸ್ಸು ಹಿಡಿದೆನು. ಮಾವಿನಕಾಯಿ ಲಾರಿಗಳು ಅಡ್ಡ ಬಂದು ದಾರಿಯಲ್ಲಿ ಹತ್ತು ನಿಮಿಷ ತಡವಾಯಿತು. 1.45ಕ್ಕೆ ಇಲ್ಲಿಗೆ ತಲುಪಿದೆನು.

ಕದಿರೇಶ್ ಗೋಡೆಯ ಪಕ್ಕ ನೆಲದಲ್ಲಿ ಕೂತಿದ್ದನು. ಅಂಗಿಯ ತೋಳು ಹರಿದಿತ್ತು. ನನ್ನ ತಮ್ಮ ಎದುರಿನ ಬೆಂಚಿನಲ್ಲಿದ್ದನು, ಅವನ ಕಾಲ ಬಳಿ ಅವನ ಡೋಲು ಇತ್ತು. ನಾದಸ್ವರ ಮೂಲೆಯಲ್ಲಿ ಲಾಠಿಗಳ ಜೊತೆ ಗೋಡೆಗೆ ಒರಗಿತ್ತು. ನಾನು ಇಬ್ಬರನ್ನೂ ಮಾತನಾಡಿಸುವ ಮೊದಲು, ದಯವಿಟ್ಟು ಅದನ್ನು ಬಟ್ಟೆ ಹಾಸಿ ಮೇಜಿನ ಮೇಲೆ ಇಡಬೇಕೆಂದು ಮಹಿಳಾ ಕಾನ್‌ಸ್ಟೇಬಲ್ ಅನಿತ ಅವರನ್ನು ಕೇಳಿಕೊಂಡೆನು. ಅವರು ತಮ್ಮ ಟವೆಲ್ ಹಾಸಿ ಎರಡೂ ಕೈಯಿಂದ ಎತ್ತಿಟ್ಟರು.

ಇಬ್ಬರ ಮಾತಿನಿಂದ ನನಗೆ ತಿಳಿದದ್ದು ಹೀಗಿದೆ. ವೇಣುಗೋಪಾಲ್ ಇಲ್ಲೇ ಒಂದು ಗೃಹಪ್ರವೇಶಕ್ಕೆ ಡೋಲು ನುಡಿಸಿ 11.40ಕ್ಕೆ ಬಸ್ ನಿಲ್ದಾಣದಲ್ಲಿ ಇದ್ದನು. ಕದಿರೇಶ್ ಬೆಂಚಿನ ಮೇಲೆ ಪಂಚೆಯ ತುಂಡು ಹಾಸಿ, ಅದರ ಮೇಲೆ ವಾದ್ಯ ಇಟ್ಟು ಒರೆಸುತ್ತಿದ್ದನು. ನನ್ನ ತಮ್ಮ ಬೆಳ್ಳಿ ಪಟ್ಟಿ ನೋಡಿ, "ಲೇ, ಇದು ನಮ್ಮ ನಾಯ್ನ ವಾದ್ಯ. ಎಲ್ಲಿಂದ ಎತ್ಕೊಂಬಂದೆ?" ಎಂದು ಕೇಳಿದನು. ಶ್ಯಾಮಲಮ್ಮನವರು ಎರವಲು ಕೊಟ್ಟರೆಂದು ಕದಿರೇಶ್ ಹೇಳಿದನು. ನನ್ನ ತಮ್ಮ ನಂಬಲಿಲ್ಲ. ಕೊಡು ಎಂದು ಹಿಡಿದು ಎಳೆದನು. ಕದಿರೇಶ್ ವಾದ್ಯವನ್ನು ಎದೆಗೆ ಅವುಚಿಕೊಂಡು, "ಅಮ್ಮನ ಕೈಗೇ ಕೊಡಬೇಕು ಅಂದವ್ರೆ. ನಿಮಗೆ ಕೊಡಕ್ಕಾಗಲ್ಲ ಅಣ್ಣ," ಎಂದನು. ತೋಳು ಹರಿದದ್ದು ಆಗ. ಜನ ಸೇರಿದರು. ಅಲ್ಲಿಂದ ಸುಮಾರು 400 ಮೀಟರ್ ದೂರದ ಈ ಠಾಣೆಗೆ ಇಬ್ಬರನ್ನೂ ಕರೆತಂದರು. ಕಳ್ಳತನವೆಂದು ನನ್ನ ತಮ್ಮ ಬಾಯಿಮಾತಿನ ದೂರು ಕೊಟ್ಟನು.

ನನಗೆ ಒಂದು ಫೋನ್ ಏಕೆ ಮಾಡಲಿಲ್ಲವೆಂದು ನಾನು ಅವನನ್ನು ಎಲ್ಲರ ಎದುರೇ ಕೇಳಿದೆನು. ಅವನು ಡೋಲಿನ ಹಗ್ಗ ನೋಡುತ್ತಾ ಹೇಳಿದ್ದು ಇದು: "ಫೋನ್ ಮಾಡಿದ್ರೆ ಹೌದು, ನಾನೇ ಕೊಟ್ಟೆ ಅಂದ್ಬಿಡ್ತೀಯ ಅಂತ ಭಯ ಆಯ್ತು ಅಕ್ಕ. ನಂಗೆ ಎಂಟು ವರ್ಷ ಕೊಡ್ಲಿಲ್ಲ ನೀನು."

ನಾನು ನೀರು ಕೇಳಿ ಕುಡಿದೆನು. ನಂತರ ಅವನಿಗೆ, ಕೊಟ್ಟದ್ದು ತಪ್ಪಲ್ಲ, ಆದರೆ ನಾಯ್ನ ವಾದ್ಯ ಮನೆಯಿಂದ ಹೊರಗೆ ಹೋಗುವಾಗ ನಿನಗೆ ಒಂದು ಮಾತು ಹೇಳದೆ ಹೋದದ್ದು ನನ್ನ ತಪ್ಪು ಎಂದು ಹೇಳಿದೆನು. ಇದನ್ನೂ ಹೇಳಿಕೆಯಲ್ಲಿ ಸೇರಿಸಬೇಕು.

ಹುಡುಗನ ಮೇಲಿನ ಕನಿಕರಕ್ಕೆ ನಾನು ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಏನು ಆಧಾರವೆಂದು ಠಾಣಾಧಿಕಾರಿಗಳು ಕೇಳಿದರು. ನಾನು ಬ್ಯಾಗಿನಿಂದ ನನ್ನ ಸೀವಾಳಿ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟೆನು. ಮನೆಯಲ್ಲಿ ವಾದ್ಯ ಮತ್ತು ಡಬ್ಬಿ ಎರಡೂ ಒಂದೇ ಗೂಟಕ್ಕೆ ನೇತುಹಾಕಿರುತ್ತೇನೆ. ಕದಿಯುವವನು ವಾದ್ಯ ಎತ್ತಿಕೊಂಡು ಡಬ್ಬಿ ಬಿಟ್ಟು ಹೋಗುವುದಿಲ್ಲ. ಎರವಲು ತೆಗೆದುಕೊಳ್ಳುವವನು ಮಾತ್ರ ಬಿಟ್ಟು ಹೋಗುತ್ತಾನೆ. ಇವನ ಜೇಬಿನಲ್ಲಿ ಇವನದೇ ಡಬ್ಬಿ ಇದೆ, ತೆಗೆದು ನೋಡಿ ಎಂದೆನು. ಅವರು ತೆಗೆದು ನೋಡಿದರು. ಇತ್ತು.

ವಾದ್ಯ ನನ್ನದೇ ಎನ್ನುವುದಾದರೆ ನುಡಿಸಿ ತೋರಿಸಬಹುದೇ ಎಂದು ಅವರು ಮುಂದೆ ಕೇಳಿದರು. ನಾನು ಕದಿರೇಶನ ಕಡೆ ತಿರುಗಿ, ಸ್ವಲ್ಪ ಹೊತ್ತು ವಾದ್ಯ ತೆಗೆದುಕೊಳ್ಳಲೇ ಎಂದು ಅವನ ಅಪ್ಪಣೆ ಕೇಳಿದೆನು. ನಿಮ್ಮದೇ ವಾದ್ಯಕ್ಕೆ ಅವನನ್ನೇಕೆ ಕೇಳುತ್ತೀರೆಂದು ಅಧಿಕಾರಿಗಳು ಕೇಳಿದರು. ಎರವಲು ಕೊಟ್ಟ ಮೇಲೆ ಹೇಳಿದ ದಿನದವರೆಗೆ ಅದು ಅವನ ವಾದ್ಯ, ನಡುವೆ ಕೈ ಹಾಕುವುದು ಕೊಟ್ಟವರಿಗೂ ಮರ್ಯಾದೆಯಲ್ಲ ಎಂದು ಉತ್ತರಿಸಿದೆನು. ಕದಿರೇಶ್ ಎದ್ದು ನಿಂತು, "ತಗೊಳಿ ಅಮ್ಮ," ಎಂದನು.

ಹಲ್ಲು ತೆಗೆಸಿ ಇಂದಿಗೆ ಆರನೇ ದಿನ. ನನ್ನ ಸೀವಾಳಿ ಸಿಕ್ಕಿಸಿ 2.30ರಿಂದ ಸುಮಾರು ನಾಲ್ಕು ನಿಮಿಷ ನುಡಿಸಿದೆನು. ಮುಂದಿನ ಹಲ್ಲಿಲ್ಲದೆ ಮೊದಲ ಎರಡು ಸ್ವರ ಸೋರಿದವು. ತುಟಿಯನ್ನು ಎಡಕ್ಕೆ ಒತ್ತಿ ಹಿಡಿದೆನು, ಆಮೇಲೆ ನಿಂತವು. ಅರ್ಜಿ ಕೊಡಲು ಬಂದವರು ಬಾಗಿಲಲ್ಲಿ ನಿಂತರು. ಮೂರನೇ ಸುತ್ತಿಗೆ ಬಂದಾಗ ತಾಳ ಕೇಳಿಸಿತು. ಕಣ್ಣು ತೆರೆದು ನೋಡಿದೆನು. ನನ್ನ ತಮ್ಮ ತಲೆ ತಗ್ಗಿಸಿ ಕೂತಿದ್ದನು, ಅವನ ಬೆರಳುಗಳು ಬೆಂಚಿನ ಹಲಗೆಯ ಮೇಲೆ ನುಡಿಸುತ್ತಿದ್ದವು. ನಾವಿಬ್ಬರೂ ಒಟ್ಟಿಗೆ ನುಡಿಸಿ ಎಂಟು ವರ್ಷವಾಗಿತ್ತು. ನಿಲ್ಲಿಸಬೇಕಾದ ಕಡೆ ನಾನು ನಿಲ್ಲಿಸಲಿಲ್ಲ, ಇನ್ನೊಂದು ಸುತ್ತು ಹೋದೆನು. ಮುಗಿಸಿದ ಮೇಲೆ ಬಾಯಲ್ಲಿ ರಕ್ತದ ರುಚಿ ಇತ್ತು. ವಾದ್ಯವನ್ನು ಒರೆಸಿ, ನನ್ನ ಸೀವಾಳಿ ಕಳಚಿಕೊಂಡು, ಮೇಜಿನ ಮೇಲಿನ ಟವೆಲ್ ಮೇಲೆ ಇಟ್ಟೆನು.

ವೇಣುಗೋಪಾಲ್ ಎದ್ದು ಬಂದು, ದೂರು ವಾಪಸ್ ತೆಗೆದುಕೊಳ್ಳುತ್ತೇನೆ, ಕೋಪದಲ್ಲಿ ಹೇಳಿದ್ದು ಎಂದು ಅಧಿಕಾರಿಗಳಿಗೆ ತಿಳಿಸಿದನು. ಕದಿರೇಶನಿಗೆ ಕ್ಷಮೆ ಕೇಳಲಿಲ್ಲ. ಹರಿದ ತೋಳನ್ನು ನೋಡಿದನು, ಮತ್ತು "ಸಂಜೆ ಡೋಲಿಗೆ ಯಾರವ್ರೆ?" ಎಂದು ಕೇಳಿದನು. ಮಾಲೂರಿನಿಂದ ಬಂದಿದ್ದ ಡೋಲಿನವನು ಪೊಲೀಸ್ ವಿಚಾರವೆಂದು ತಿಳಿದು 12.30ರ ಬಸ್ಸಿಗೆ ವಾಪಸ್ ಹೋದನೆಂದು ಕದಿರೇಶ್ ಹೇಳಿದನು. ನನ್ನ ತಮ್ಮ ಡೋಲನ್ನು ಮಡಿಲಿಗೆ ಎತ್ತಿಕೊಂಡು ಹಗ್ಗ ಬಿಗಿ ಮಾಡಲು ಕೂತನು. ಈ ಹೇಳಿಕೆ ಬರೆಸುತ್ತಿರುವಾಗಲೂ ಬಿಗಿ ಮಾಡುತ್ತಿದ್ದಾನೆ.

ಆದ್ದರಿಂದ ಕದಿರೇಶ್ ಮೇಲೆ ಕಳ್ಳತನದ ಪ್ರಕರಣ ದಾಖಲಿಸಬಾರದೆಂದೂ, ದುಡುಕಿ ದೂರು ಕೊಟ್ಟದ್ದಕ್ಕೆ ನನ್ನ ತಮ್ಮನ ಮೇಲೆ ಕ್ರಮ ಬೇಡವೆಂದೂ ಕೋರುತ್ತೇನೆ. ವಾದ್ಯವನ್ನು ಮಾಲೀಕಳಾದ ನನಗೆ ಹಿಂದಿರುಗಿಸುವುದಾಗಿ ಅಧಿಕಾರಿಗಳು ತಿಳಿಸಿದ್ದಾರೆ. ನನಗೆ ಬೇಡ. ನಾನು ಕೊಟ್ಟ ಅವಧಿ ಶುಕ್ರವಾರ ಮಧ್ಯಾಹ್ನದವರೆಗೆ, ಇಂದು ಬುಧವಾರ. ಯಾರ ಕೈಯಿಂದ ತೆಗೆದುಕೊಂಡರೋ ಅವನ ಕೈಗೇ ಕೊಡಬೇಕು. ಆರತಕ್ಷತೆಗೆ ಇನ್ನು ಒಂದೂವರೆ ಗಂಟೆ ಇದೆ, ಮಂಟಪ ಇಲ್ಲಿಂದ 1.2 ಕಿಲೋಮೀಟರ್. ಹುಡುಗನಿಗೆ ತೊಡಲು ಒಂದು ಅಂಗಿಯೂ ಬೇಕು. ಅನಿತ ಅವರು ಪಕ್ಕದ ಅಂಗಡಿ ತೋರಿಸುವುದಾಗಿ ಹೇಳಿದ್ದಾರೆ.

ಇಷ್ಟನ್ನು ನನಗೆ ಓದಿ ಕೇಳಿಸಲಾಯಿತು. ಎರಡು ಕಡೆ 'ಪೀಪಿ' ಎಂದು ಬರೆದಿದ್ದನ್ನು ಹೊಡೆದುಹಾಕಿಸಿ 'ನಾದಸ್ವರ' ಎಂದು ತಿದ್ದಿಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹಾಗೆಯೇ.

ಸ್ಥಳ: ಶ್ರೀನಿವಾಸಪುರ
ದಿನಾಂಕ: 14-05-2025, ಸಂಜೆ 4.30

(ಸಹಿ) ಶ್ಯಾಮಲಮ್ಮ

ಬರೆದುಕೊಂಡವರು: ಅನಿತ, ಮಹಿಳಾ ಕಾನ್‌ಸ್ಟೇಬಲ್

ಸಾಕ್ಷಿ: (ಸಹಿ) ವೇಣುಗೋಪಾಲ್ ಬಿನ್ ಲೇಟ್ ಮುನಿಯಲ್ಲಪ್ಪ, ಡೋಲು. ನಮ್ಮ ಅಕ್ಕ ಹೇಳಿದ್ದು ನಿಜ. ವಾದ್ಯ ಶುಕ್ರವಾರದವರೆಗೆ ಕದಿರೇಶನದು.