ಬುರುಲ್ ಬಾಗಿಲಿಗೆ ಎಸೆದ ಆಡು

ನಾರಿನ್ ಊರಿನ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು, ಜೊತೆಗೆ ಅವಳ ತಮ್ಮ ಎಸೆನ್‌ಬೆಕ್. ಅವನ ಮುಂಗೈ ಸೊಟ್ಟಗಿತ್ತು.

“ಮೂಳೆ ಕೂಡ್ಕೊಂಡಿದೆಯಲ್ಲಕ್ಕ.”

“ಕೂಡ್ಕೊಂಡಿದೆ, ನಿನ್ನ ಬುದ್ಧಿ ಥರಾನೇ ಸೊಟ್ಟಗೆ. ಹೊಸ ಮೂಳೆ ಇನ್ನೂ ಎಳೇದು, ಗಟ್ಟಿಯಾಗೋವರೆಗೂ ಅಲುಗಾಡಿಸ್ಬೇಡ ಅಂತ ಡಾಕ್ಟರು ಬಡ್ಕೊಂಡ್ರು. ನೀನು ಕುರಿ ಉಣ್ಣೆ ಕತ್ತರೀಲಿ ಪ್ಲಾಸ್ಟರ್ ಕತ್ತರಿಸಿ ಕುದುರೆ ಹತ್ತಿದೆ!”

“ಮದುವೆಮನೇಲಿ ಕುದುರೆ ಮೇಲೆ ಆಡೋ ಆಟ ಅಕ್ಕ. ಅಷ್ಟು ಜನ ಸವಾರರ ಕೈಯಿಂದ ಆಟಕ್ಕೇಂತ ಕಡಿದ ಆಡನ್ನ ಕಿತ್ಕೊಂಡು ಗೆದ್ದೆ.”

“ಗೆದ್ದು, ಯಾರ ಬಾಗಿಲಿಗೆ ಎಸೆದೆ?”

ಅವನು ನೆಲ ನೋಡಿದ. “ಬುರುಲ್ ಮನೆಗೆ.”

“ಗೆದ್ದೋನು ತಾನು ಗೌರವ ಕೊಡೋ ಮನೆಗೆ ಎಸೀತಾನೆ. ನಿನ್ನ ಬೇಡ ಅಂದು ಬೇರೆಯೋನನ್ನ ಕಟ್ಕೊಂಡೋಳಿಗೆ ಗೌರವ, ಥೂ! ಆ ಆಡನ್ನ ಬೇಯಿಸಿದ್ಲಾ?”

“ಬೇಯಿಸಿದ್ಲು.”

“ನಿನ್ನ ಊಟಕ್ಕೆ ಕರೆದ್ಲಾ?”

“ಇಲ್ಲ.”

“ಮತ್ತೆ ತಿಂದೋರು ಯಾರು?”

“ಅವಳ ಗಂಡ.”

ನರ್ಸ್ ಅವನ ಹೆಸರು ಕೂಗಿದಳು. ಅವನು ಏಳಲಿಲ್ಲ.

“ಮತ್ತೆ ಮುರಿದು ನೆಟ್ಟಗೆ ಕೂರಿಸ್ತಾರಂತೆ. ತುಂಬಾ ನೋಯುತ್ತಾ ಅಕ್ಕ?”

“ಅವಳ ಗಂಡ ಆ ಆಡಿನ ಮೂಳೆ ಚೀಪೋವಾಗ ನಿಂಗೆ ನೋಯ್ಲಿಲ್ಲ ತಾನೇ? ನಡಿ.”

ಅವನ ನೆಟ್ಟಗಿದ್ದ ಕೈ ಹಿಡಿದು ಎಳೆದುಕೊಂಡು ಒಳಗೆ ಹೋದಳು.