ಬೈಟೂ ಕಾಫಿಯ ದೃಶ್ಯವಿದ್ದ ಮೆಮೊರಿ ಕಾರ್ಡ್ ಕುರಿತು

ನಿನ್ನೆ ತಮ್ಮ ಪೊಲೀಸ್ ಠಾಣೆಯ ಕೌಂಟರಿನಲ್ಲಿ ಅರ್ಧಕ್ಕೆ ನಿಂತ ಮಾತನ್ನೇ ಮುಂದುವರಿಸುವುದಾದರೆ, ಹೌದು, ಕಾರ್ಡು ತೆಗೆದವನು ನಾನೇ.

ಹೆಸರು ಶ್ರೀಪಾದ, ವಯಸ್ಸು 68, ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ವಾಸ ಅಪ್ಪರ್ ಹಟ್. ಪತ್ನಿ ಶಾಂತಾ ತೀರಿಕೊಂಡು ನಾಲ್ಕು ವರ್ಷ. ಆಡುವ ಇಂಗ್ಲಿಷ್ ಬೇರೆ, ಬರೆಯುವುದು ಬೇರೆ; ಕಾಲೇಜಿನಲ್ಲಿ ಕಲಿತ 'ಐ ಬೆಗ್ ಟು ಸ್ಟೇಟ್' ಆದಮೇಲೆ ಏನೆಂಬುದು ಮರೆತಿದೆ. ಆದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ದುಭಾಷಿ ಕಾತ್ಯಾಯಿನಿಯವರು ಇಂಗ್ಲಿಷಿಗೆ ತರುತ್ತಾರೆ. ಈ ಕಾಗದದ ಮೂಲಕ ತಮ್ಮ ಗಮನಕ್ಕೆ ತರುವುದು ಇಷ್ಟು.

ಅಜಿತ್ ಮತ್ತು ಯಶ್ವಂತ್ ಜೊತೆಯಾಗಿ ಬಾಳುತ್ತಿರುವ ಹುಡುಗರು. ವಾರವೆಲ್ಲ ನೌಕರಿ, ಶನಿವಾರ ಭಾನುವಾರ ಸ್ವಂತ ದುಡ್ಡಿನಲ್ಲಿ ಕಿರುಚಿತ್ರ. ಈ ಸಲದ್ದು ಇಬ್ಬರು ಮುದುಕರ ಪ್ರೀತಿಯ ಕಥೆ. ಏಪ್ರಿಲ್‌ನಲ್ಲಿ ಅಜಿತ್, ಅಂಕಲ್, ನೀವೂ ನರಸಿಂಹ ಅಂಕಲ್ಲೂ ಮಾಡಿಬಿಟ್ರೆ ಆ್ಯಕ್ಟಿಂಗೇ ಬೇಕಾಗಲ್ಲ ಎಂದು ಕೇಳಿದ. ನರಸಿಂಹ ಈ ದೇಶದಲ್ಲೇ ನೆಲ್ಸನ್ ಎಂಬ ಊರಿನಲ್ಲಿರುವ ನಿವೃತ್ತ ನರ್ಸ್, ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನ ರೂಮ್‌ಮೇಟ್. ಮದುವೆಯಾಗಲಿಲ್ಲ. ಅವನು ತಕ್ಷಣ ಒಪ್ಪಿದ. ಕನ್ನಡ ಕೂಟದವರು ನೋಡಿದರೆ ಏನೆಂದುಕೊಂಡಾರು ಎಂದು ನಾನು ಒಪ್ಪಲಿಲ್ಲ. ಬೇಕಾದರೆ ಶೂಟಿಂಗಿಗೆ ಮನೆ ಕೊಡುತ್ತೇನೆ ಎಂದೆ. ನನ್ನ ಪಾತ್ರ ಇಲ್ಲಿಯವರೇ ಆದ ಗ್ರೇಮ್ ಎಂಬ 71 ವರ್ಷದವರಿಗೆ ಹೋಯಿತು.

ಜೂನ್ 14, ಶನಿವಾರ, ಬೆಳಿಗ್ಗೆ 10:30. ನಾನು ಫ್ರಿಜ್ ಪಕ್ಕ, ಟೇಬಲ್ಲಿನಿಂದ ಮೂರು ಮೀಟರ್ ದೂರದಲ್ಲಿ, ಯಶ್ವಂತ್ ಹೇಳಿದಂತೆ ಉಸಿರು ಬಿಗಿಹಿಡಿದು ನಿಂತಿದ್ದೆ. ಸ್ಕ್ರಿಪ್ಟಿನಲ್ಲಿ ಎರಡು ಕಪ್ ಕಾಫಿ ಎಂದಿತ್ತು. ನರಸಿಂಹ, ನಾವು ಹಂಗೆ ಕುಡೀತಿರಲಿಲ್ಲ ಕಣಪ್ಪ ಎಂದು ಒಂದೇ ಲೋಟ ಕಾಫಿ, ಜೊತೆಗೊಂದು ಖಾಲಿ ಲೋಟ ತರಿಸಿ ಬೈಟೂ ಮಾಡಿದ. ಸಕ್ಕರೆ ಸಾಕೋ ಎಂದು ಒಂದು ಗುಟುಕು ನೋಡಿ, ತನಗೆ ಕಡಿಮೆ ಬಗ್ಗಿಸಿಕೊಂಡು, ಹೆಚ್ಚಿದ್ದ ಲೋಟ ಗ್ರೇಮ್ ಕೈಗಿಟ್ಟು ನಕ್ಕ. ಹಾಸ್ಟೆಲಿನಲ್ಲಿ ಆ ಲೋಟ ನನ್ನದು. ಮೂರು ಟೇಕ್ ಆಯಿತು, ಮೂರು ಸಲವೂ ಅದೇ ನಗು.

ತುಂಬಿದ ಕಾರ್ಡನ್ನು ಯಶ್ವಂತ್ ಒಂದು ಸ್ಟೀಲ್ ಡಬ್ಬಿಯಲ್ಲಿ ಬೋರಲು ಇಡುತ್ತಾನೆ, ಕಂಪ್ಯೂಟರಿಗೆ ಇಳಿಸುವುದು ಸಂಜೆ. 12:50ಕ್ಕೆ ಎಲ್ಲರೂ ಹಿತ್ತಲಲ್ಲಿ ಚಿತ್ರಾನ್ನ ತಿನ್ನುತ್ತಿದ್ದಾಗ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಸಂಜೆ 5ರ ವಿಮಾನಕ್ಕೆ ಗ್ರೇಮ್ ಮಗಳನ್ನು ನೋಡಲು ಎರಡು ತಿಂಗಳು ಆಸ್ಟ್ರೇಲಿಯಾಕ್ಕೆ ಹೋಗುವವರಿದ್ದರು. ದೃಶ್ಯ ಕಳೆದರೆ ಮತ್ತೆ ತೆಗೆಯಬೇಕು, ಗ್ರೇಮ್ ಅವರ ಕುರ್ಚಿ ಖಾಲಿ. ಹುಡುಗರು ತಾವಾಗಿ ಬೇಡಿಕೊಂಡರೆ ನಾನು ಆಸೆಪಟ್ಟು ಮಾಡಿದೆ ಎಂದು ಕೂಟದವರೂ ಹೇಳುವಂತಿಲ್ಲ.

6:15ಕ್ಕೆ ಕಾರ್ಡು ಸಿಗಲಿಲ್ಲ. ಉಗುರಿನಷ್ಟು ಸಾಮಾನು ಜೋಪಾನ ಮಾಡಕ್ಕಾಗಲ್ವಾ ನಿನಗೆ ಎಂದು ಅಜಿತ್. ಕಳೆದಿಲ್ಲ, ಯಾರೋ ಕದ್ದಿದಾರೆ, ಪ್ರೂವ್ ಮಾಡ್ತೀನಿ ಎಂದು ಯಶ್ವಂತ್. ಭಾನುವಾರ 9ಕ್ಕೆ ಅವನು ತಮ್ಮಲ್ಲಿ ದೂರು ಕೊಟ್ಟು, ಬ್ಯಾಗ್ ಹಿಡಿದು ಸುಮಾರು 600 ಕಿಲೋಮೀಟರ್ ಆಚೆ ಈಸ್ಟ್ ತಮಾಕಿಯ ಅಕ್ಕನ ಮನೆಗೆ ಹೊರಟುಹೋದ.

11ಕ್ಕೆ ಅಜಿತ್ ಫೋನ್ ಮಾಡಿ, ನೀವೇ ಮಾಡಿ ಅಂಕಲ್ ಎಂದ. ಅವನಿಂದ ಎರಡು ಸಲ ಕೇಳಿಸಿಕೊಂಡು ಒಪ್ಪಿದೆ. ನಮ್ಮಲ್ಲೇ ಉಳಿದಿದ್ದ ನರಸಿಂಹ, ಗ್ರೇಮ್ ಬರೋವರೆಗೂ ಕಾಯೋಣ, ನಿನ್ನ ಜೊತೆ ನಾನು ಆ್ಯಕ್ಟ್ ಮಾಡಲ್ಲ ಎಂದ. ಅವರ ಜೊತೆ ಆಗುತ್ತೆ, ನನ್ನ ಜೊತೆ ಯಾಕಾಗಲ್ಲ ಎಂದು ಕೇಳಿದೆ. ಅವರ ಜೊತೆ ಸುಳ್ಳುಸುಳ್ಳೇ ಮಾಡಬಹುದು ಕಣೋ ಎಂದು ಎದ್ದು ತಟ್ಟೆ ತೊಳೆಯಲು ಹೋದ.

ಕಾರ್ಡನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಯಶ್ವಂತ್ ಅದನ್ನು ಕಳೆದುಹಾಕಿಲ್ಲವೆಂದು ತಾವು ಅಜಿತ್‌ಗೆ ಇಂದೇ ತಿಳಿಸಬೇಕು. ಇಂಥದ್ದು ಒಂದು ದಿನ ಮುಂದೆ ಹೋದರೆ ನಲವತ್ತು ವರ್ಷ ಹೋಗುತ್ತದೆ. ಶಾಂತಾಳ ಹೆಸರನ್ನು ಇದರಲ್ಲಿ ಎಳೆಯಬಾರದೆಂದು ಕೋರಿಕೆ, ಅವಳು ನನ್ನನ್ನು ಚೆನ್ನಾಗಿ ನೋಡಿಕೊಂಡಳು.

ಇನ್ನೂ ಹೇಳುವುದಿತ್ತು. ಆದರೆ ಕಿಟಕಿಯಾಚೆ ಬೆಳಕು ಇಳಿಯುತ್ತಿದೆ. ನರಸಿಂಹ 3:40ರಿಂದ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾನೆ, ಕತ್ತಲಾದರೆ ಅವನಿಗೆ ರಸ್ತೆ ಸರಿಯಾಗಿ ಕಾಣುವುದಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

ಬರೆದದ್ದೆಲ್ಲ ನಿಜ, ಯಾರ ಒತ್ತಾಯವೂ ಇಲ್ಲ.

ಅಪ್ಪರ್ ಹಟ್, 17 ಜೂನ್ 2025, ಸಂಜೆ 4:50
(ಸಹಿ) ಶ್ರೀಪಾದ